ಕಿರುನೆಲ್ಲಿಯ ದೂರದ ನೆಂಟ ಮತ್ತು ಮೂತ್ರಪಿಂಡದ ಕ್ಯಾನ್ಸರ್ ಕೋಶದ ಸಾವು

ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಹೋದ ಮಳೆಗಾಲದಲ್ಲಿ ನೆರೆಮನೆಯ ಮಾವನವರು ಬೆನ್ನುನೋವಿಗೆಂದು ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಎಡ ಮೂತ್ರಪಿಂಡದಲ್ಲಿ ಒಂದು ಗಡ್ಡೆ ಕಂಡಿತು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗುವ ಮೊದಲೇ ಮನೆಯ ಜಗಲಿಗೆ ಸಲಹೆಗಳು ಬಂದು ಬಿದ್ದವು. ಒಬ್ಬರು ಕಿರುನೆಲ್ಲಿಯನ್ನು ಬೇರುಸಮೇತ ಅರೆದು ಕುಡಿಯಲು ಹೇಳಿದರೆ, ಇನ್ನೊಬ್ಬರು ಅರಸಿನಕ್ಕೆ ಒಳ್ಳೆಮೆಣಸು ಸೇರಿಸಿ ದಿನಕ್ಕೆ ಮೂರು ಹೊತ್ತು ಎಂದರು. ಮಾವನ ಮಗನ ಫೋನಿಗೆ, ಸಸ್ಯಗಳ ಸಹಜ ಸತ್ವ ಕಿಡ್ನಿ ಕ್ಯಾನ್ಸರಿನ ಕೋಶಗಳನ್ನು ಕೊಲ್ಲುವುದನ್ನು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ ಎಂಬ ಸಂದೇಶವೂ ಬಂತು. ಸಂಜೆ ಮಾವ ನನ್ನನ್ನು ಕರೆದು, "ಮಾಷ್ಟ್ರೇ, ಇದು ನಿಜವೋ ಸುಳ್ಳೋ? ನಿಜವಾದರೆ ಆಪರೇಷನ್ ಯಾಕೆ?" ಎಂದು ಕೇಳಿದರು.

ಮೂವತ್ತು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವನಾದರೂ ಆ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಕೊಡಲು ನನಗೆ ಆಗಲಿಲ್ಲ. ಸಂದೇಶ ಸುಳ್ಳಾಗಿರಲಿಲ್ಲ. ಪ್ರಯೋಗಾಲಯದ ಬಟ್ಟಲಿನಲ್ಲಿ ಬೆಳೆಸಿದ ಮೂತ್ರಪಿಂಡ ಕ್ಯಾನ್ಸರಿನ ಕೋಶಗಳನ್ನು ಸಸ್ಯಮೂಲದ ಎಷ್ಟೋ ಅಣುಗಳು ಸಾಯಿಸುತ್ತವೆ, ಸಾಯಿಸುವ ಬಗೆಯೂ ಬಹಳಮಟ್ಟಿಗೆ ತಿಳಿದಿದೆ. ಆದರೆ ಕೋಶ ಹೇಗೆ ಸಾಯುತ್ತದೆ, ಎಷ್ಟು ಪ್ರಮಾಣದಲ್ಲಿ ಸಾಯುತ್ತದೆ, ಅಷ್ಟು ಪ್ರಮಾಣ ಮನುಷ್ಯನ ರಕ್ತದಲ್ಲಿ ನಿಲ್ಲುತ್ತದೆಯೇ, ಆಗ ಉಳಿದ ಅಂಗಗಳ ಗತಿ ಏನು ಎಂಬ ನಾಲ್ಕು ಪ್ರಶ್ನೆಗಳು "ಕೊಲ್ಲುತ್ತದೆ" ಎಂಬ ಒಂದು ಕ್ರಿಯಾಪದದ ಹಿಂದೆ ಅಡಗಿ ಕುಳಿತಿರುತ್ತವೆ. ಮಾವನಿಗೆ ಎರಡು ಮೂರು ಸಂಜೆ ಕುಳಿತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ.

ಮೊದಲು ಮೂತ್ರಪಿಂಡದ ಕೆಲಸವನ್ನು ನೆನಪಿಸಿಕೊಳ್ಳಬೇಕು. ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಈ ಎರಡು ಪುಟ್ಟ ಅಂಗಗಳ ಮೂಲಕವೇ ಹಾದುಹೋಗುತ್ತದೆ. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವ ಅಲ್ಲಿ ಸೋಸಲ್ಪಟ್ಟು, ಒಂದೆರಡು ಲೀಟರ್ ಬಿಟ್ಟರೆ ಉಳಿದದ್ದೆಲ್ಲ ಸೂಕ್ಷ್ಮ ನಾಳಗಳ ಗೋಡೆಯ ಮೂಲಕ ಮರಳಿ ರಕ್ತ ಸೇರುತ್ತದೆ. ಈ ನಾಳಗಳ ಗೋಡೆಯ ಕೋಶಗಳು ಬೇಕಾದದ್ದನ್ನು ಒಳಗೆಳೆದುಕೊಳ್ಳುವುದಲ್ಲದೆ, ದೇಹಕ್ಕೆ ಪರಕೀಯವಾದ ಅಣುಗಳನ್ನು ಗುರುತಿಸಿ ಮೂತ್ರಕ್ಕೆ ತಳ್ಳುವ ಪಂಪುಗಳನ್ನೂ ಇಟ್ಟುಕೊಂಡಿವೆ. ದೊಡ್ಡವರಲ್ಲಿ ಕಾಣುವ ಮೂತ್ರಪಿಂಡದ ಕ್ಯಾನ್ಸರಿನ ಬಹುಪಾಲು ಹುಟ್ಟುವುದು ಇಂತಹ ನಾಳದ ಕೋಶಗಳಿಂದಲೇ. ಅದರಲ್ಲಿಯೂ ಸುಮಾರು ಮುಕ್ಕಾಲು ಪಾಲು ಕ್ಲಿಯರ್ ಸೆಲ್ ಎಂಬ ಬಗೆಯದು. ಆ ಕೋಶಗಳ ಹೊಟ್ಟೆಯೊಳಗೆ ಕೊಬ್ಬು ಮತ್ತು ಗ್ಲೈಕೋಜನ್ ಎಂಬ ಕೂಡಿಟ್ಟ ಸಕ್ಕರೆ ತುಂಬಿರುತ್ತದೆ. ಸೂಕ್ಷ್ಮದರ್ಶಕದ ಪರೀಕ್ಷೆಗಾಗಿ ಅಂಗಾಂಶವನ್ನು ಸಿದ್ಧಪಡಿಸುವಾಗ ಅವು ಕರಗಿಹೋಗಿ ಕೋಶ ಬೆಳ್ಳಗೆ, ಖಾಲಿಯಾಗಿ ಕಾಣುವುದರಿಂದ ಆ ಹೆಸರು. ಕೊಬ್ಬು ತುಂಬಿರುವ ಈ ಸಂಗತಿ ಮುಂದೆ ಇನ್ನೊಮ್ಮೆ ಬರುತ್ತದೆ.

ಈ ಕ್ಯಾನ್ಸರಿನ ಮೂಲದಲ್ಲಿ ವಿಎಚ್‌ಎಲ್ ಎಂಬ ಜೀನಿನ ನಷ್ಟವಿದೆ. ಆಮ್ಲಜನಕ ಸಾಕಷ್ಟು ಇರುವಾಗ ವಿಎಚ್‌ಎಲ್ ಪ್ರೋಟೀನು ಎಚ್‌ಐಎಫ್ ಎಂಬ ಇನ್ನೊಂದು ಪ್ರೋಟೀನಿಗೆ ಗುರುತು ಹಚ್ಚಿ ಅದನ್ನು ನಾಶಕ್ಕೆ ಕಳಿಸುತ್ತಿರುತ್ತದೆ. ಆಮ್ಲಜನಕ ಕಡಿಮೆಯಾದಾಗ ಮಾತ್ರ ಎಚ್‌ಐಎಫ್ ಉಳಿದುಕೊಂಡು, ಹೊಸ ರಕ್ತನಾಳ ಬೆಳೆಸಿ ಎಂದು ಆಜ್ಞೆ ಕೊಡುತ್ತದೆ. ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ನೀರು ಬತ್ತಿದಾಗ ಮುರಕಲ್ಲನ್ನು ಅಡ್ಡಲಾಗಿ ಕೊರೆದು ಸುರಂಗ ತೋಡುತ್ತಿದ್ದರಲ್ಲ, ಹಾಗೆ. ವಿಎಚ್‌ಎಲ್ ಕೆಟ್ಟ ಕೋಶದಲ್ಲಿ ತೊಟ್ಟಿಯ ತುಂಬ ನೀರಿದ್ದರೂ ಬರ ಬಂದಿದೆ ಎಂಬ ಕೂಗು ನಿಲ್ಲುವುದೇ ಇಲ್ಲ, ಸುರಂಗದ ಮೇಲೆ ಸುರಂಗ ಕೊರೆಯುವುದೂ ನಿಲ್ಲುವುದಿಲ್ಲ. ಕೋಶಗಳು ಆಮ್ಲಜನಕವನ್ನು ಅರಿಯುವ ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ವಿಲಿಯಂ ಕೆಲಿನ್, ಪೀಟರ್ ರಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಜಾ ಅವರಿಗೆ 2019ರಲ್ಲಿ ನೊಬೆಲ್ ಬಂತು. ರಕ್ತನಾಳದ ಆ ಆಜ್ಞೆಯನ್ನು ತಡೆಯುವ ಸುನಿಟಿನಿಬ್ ಎಂಬ ಮಾತ್ರೆ 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಎಚ್‌ಐಎಫ್ ಅನ್ನೇ ಹಿಡಿದು ನಿಲ್ಲಿಸುವ ಬೆಲ್ಜುಟಿಫ್ಯಾನ್ 2021ರಲ್ಲಿ ಬಂತು.

ಗಡ್ಡೆ ಮೂತ್ರಪಿಂಡದ ಒಳಗೇ ಇರುವಾಗ ಮುಖ್ಯ ಚಿಕಿತ್ಸೆ ಶಸ್ತ್ರಚಿಕಿತ್ಸೆಯೇ. ಬೇರೆ ಕ್ಯಾನ್ಸರುಗಳಲ್ಲಿ ಬಳಸುವ ಹಳೆಯ ಕೀಮೋ ಔಷಧಗಳು ಇಲ್ಲಿ ಹೆಚ್ಚು ಫಲ ಕೊಟ್ಟಿಲ್ಲ. ಅದಕ್ಕೊಂದು ಕಾರಣ ಆಗಲೇ ಹೇಳಿದ ಪಂಪುಗಳು: ವಿಷವನ್ನು ಹೊರದೂಡುವ ಕಸುಬಿನ ಕೋಶದಿಂದ ಹುಟ್ಟಿದ ಕ್ಯಾನ್ಸರು ಆ ಕಸುಬನ್ನು ಮರೆಯುವುದಿಲ್ಲ, ತನ್ನೊಳಗೆ ಬಂದ ಔಷಧವನ್ನೂ ಅದೇ ಪಂಪಿನಿಂದ ಹೊರಗೆ ಚೆಲ್ಲುತ್ತದೆ. ನಮ್ಮ ಅಂಗಳದ ಕಾಶಿಕಣಗಿಲೆಯಿಂದ, ಅಂದರೆ ನಿತ್ಯಪುಷ್ಪದಿಂದ, ದೊರೆಯುವ ವಿನ್‌ಬ್ಲಾಸ್ಟಿನ್ ದುಗ್ಧಗ್ರಂಥಿಗಳ ಕ್ಯಾನ್ಸರಿನಲ್ಲಿ ಜೀವ ಉಳಿಸಿದ ಔಷಧ. ಅದೇ ವಿನ್‌ಬ್ಲಾಸ್ಟಿನ್ ಮೂತ್ರಪಿಂಡದ ಕ್ಯಾನ್ಸರಿನಲ್ಲಿ ಪ್ರಯೋಗಕ್ಕೆ ಬಂದಾಗ ಬಹುತೇಕ ಸೋತಿತು.

ಹಾಳೆ ಕಳಚುವ ಹಾಗೆ

ಇನ್ನು ಸಾವಿನ ವಿಷಯ. ಕೋಶಕ್ಕೆ ಒಂದಕ್ಕಿಂತ ಹೆಚ್ಚು ಬಗೆಯ ಸಾವಿದೆ. ಅಡಕೆ ತೋಟ ನೋಡಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಗಾಳಿಮಳೆಗೆ ಮರ ಮುರಿದು ಬಿದ್ದರೆ ಪಕ್ಕದ ನಾಲ್ಕು ಮರಕ್ಕೂ ಪೆಟ್ಟು. ಆದರೆ ವಯಸ್ಸಾದ ಸೋಗೆ ಬುಡದ ಹಾಳೆಯ ಸಮೇತ ತಾನಾಗಿ ಸಡಿಲಗೊಂಡು ಕಳಚಿ ಬೀಳುತ್ತದೆ. ಮರಕ್ಕೆ ಗಾಯವಿಲ್ಲ, ಬಿದ್ದದ್ದೂ ಉಪಯೋಗಕ್ಕೆ ಬರುತ್ತದೆ. ಕೋಶದ ಎರಡನೆಯ ಬಗೆಯ ಸಾವಿಗೆ 1972ರಲ್ಲಿ ಜಾನ್ ಕೆರ್, ಆಂಡ್ರ್ಯೂ ವೈಲಿ ಮತ್ತು ಅಲಸ್ಟೇರ್ ಕರಿ ಅಪೊಪ್ಟೋಸಿಸ್ ಎಂದು ಹೆಸರಿಟ್ಟಾಗ ಅವರು ಆರಿಸಿಕೊಂಡದ್ದು ಎಲೆ ಉದುರುವುದನ್ನು ಸೂಚಿಸುವ ಗ್ರೀಕ್ ಪದವನ್ನೇ. ಈ ಬಗೆಯಲ್ಲಿ ಕೋಶ ಕುಗ್ಗುತ್ತದೆ, ತನ್ನ ಡಿಎನ್‌ಎಯನ್ನು ತಾನೇ ತುಂಡರಿಸುತ್ತದೆ, ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ಆ ಪೊಟ್ಟಣಗಳನ್ನು ನೆರೆಯ ಕೋಶಗಳು ನುಂಗಿಬಿಡುತ್ತವೆ. ಒಳಗಿನ ದ್ರವ ಹೊರಗೆ ಚೆಲ್ಲದ ಕಾರಣ ಉರಿಯೂತವಿಲ್ಲ. ಮೊದಲನೆಯ ಬಗೆಯಲ್ಲಿ, ಅಂದರೆ ನೆಕ್ರೋಸಿಸ್‌ನಲ್ಲಿ, ಕೋಶ ಊದಿ ಒಡೆದು ಸುತ್ತಲೂ ಉರಿ ಹಬ್ಬಿಸುತ್ತದೆ.

ಹೀಗೆ ಕಳಚಿಕೊಳ್ಳುವುದು ದೇಹದ ನಿತ್ಯದ ಕೆಲಸ. ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ಎಂಬ ದುಂಡುಹುಳು ಬೆಳೆಯುವಾಗ ಹುಟ್ಟುವ 1090 ಕೋಶಗಳಲ್ಲಿ 131 ಕೋಶಗಳು ಗೊತ್ತಾದ ಹೊತ್ತಿಗೆ, ಗೊತ್ತಾದ ಜಾಗದಲ್ಲಿ ಸಾಯುತ್ತವೆ. ಈ ಲೆಕ್ಕದಿಂದ ಹೊರಟು ಸಾವಿನ ಜೀನುಗಳನ್ನು ಗುರುತಿಸಿದ ಸಂಶೋಧನೆಗೆ 2002ರ ನೊಬೆಲ್ ದೊರೆಯಿತು. ನಮ್ಮಲ್ಲಿಯೂ ಅದೇ ಜೀನುಗಳ ಸಂಬಂಧಿಗಳಿವೆ.

ಸಾವಿನ ಆಜ್ಞೆ ಕೋಶದೊಳಗೆ ಎರಡು ಬಾಗಿಲಿನಿಂದ ಬರಬಹುದು. ಹೊರಬಾಗಿಲು ಎಂದರೆ ಕೋಶದ ಮೇಲ್ಮೈಯಲ್ಲಿರುವ ಡಿಆರ್5 ಮೊದಲಾದ ಗ್ರಾಹಕಗಳು. ರೋಗನಿರೋಧಕ ಕೋಶಗಳು ಟ್ರೇಲ್ ಎಂಬ ಪ್ರೋಟೀನನ್ನು ತಂದು ಇಲ್ಲಿ ಮುಟ್ಟಿಸಿದರೆ ಒಳಗೆ ಕ್ಯಾಸ್ಪೇಸ್-8 ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಒಳಬಾಗಿಲು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿದೆ. ಅಲ್ಲಿ ಬಿಸಿಎಲ್-2 ಎಂಬ ಕಾವಲುಗಾರ ಪ್ರೋಟೀನು ಬಾಗಿಲು ಹಾಕಿ ಹಿಡಿದಿರುತ್ತದೆ, ಬ್ಯಾಕ್ಸ್ ಮತ್ತು ಬ್ಯಾಕ್ ಎಂಬವು ಅದನ್ನು ತೆರೆಯಲು ನೋಡುತ್ತಿರುತ್ತವೆ. ಕೋಶಕ್ಕೆ ಸಹಿಸಲಾಗದ ಹಾನಿಯಾದಾಗ ಕಾವಲು ಸೋತು, ಮೈಟೊಕಾಂಡ್ರಿಯಾದ ಹೊರಪೊರೆಯಲ್ಲಿ ತೂತು ಬಿದ್ದು, ಸೈಟೊಕ್ರೋಮ್ ಸಿ ಎಂಬ ಪ್ರೋಟೀನು ಹೊರಗೆ ಬರುತ್ತದೆ. ಅದು ಕ್ಯಾಸ್ಪೇಸ್-9ನ್ನು ಎಬ್ಬಿಸುತ್ತದೆ. ಎರಡೂ ದಾರಿ ಕೊನೆಗೆ ಕ್ಯಾಸ್ಪೇಸ್-3ಕ್ಕೆ ಬಂದು ಸೇರುತ್ತವೆ; ಕೋಶವನ್ನು ಒಳಗಿನಿಂದ ಕತ್ತರಿಸಿ ಮಡಚಿಡುವುದು ಮುಖ್ಯವಾಗಿ ಅದರ ಕೆಲಸ.

ಮೂತ್ರಪಿಂಡದ ಕ್ಯಾನ್ಸರ್ ಈ ಎರಡು ಬಾಗಿಲಿಗೂ ಅಗುಳಿ ಹಾಕಿಕೊಂಡಿರುತ್ತದೆ. ವಿಚಿತ್ರವೆಂದರೆ ಅನೇಕ ಕ್ಯಾನ್ಸರುಗಳಲ್ಲಿ ಕೆಟ್ಟಿರುವ ಪಿ53 ಎಂಬ ಕಾವಲು ಜೀನು ಕ್ಲಿಯರ್ ಸೆಲ್ ಬಗೆಯಲ್ಲಿ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಆದರೆ ಸಾವನ್ನು ತಡೆಯುವ ಪ್ರೋಟೀನುಗಳು ವಿಪರೀತವಾಗಿ, ಬದುಕಿಸುವ ಸಂಕೇತಗಳು ಎಡೆಬಿಡದೆ ಇರುವುದರಿಂದ ಆ ಕಾವಲಿನ ಕೂಗು ಯಾರಿಗೂ ಕೇಳುವುದಿಲ್ಲ. ಸಸ್ಯದ ಅಣುಗಳ ಬಗ್ಗೆ ಇಷ್ಟು ಆಸಕ್ತಿ ಹುಟ್ಟಿದ್ದು ಇದಕ್ಕೇ: ಮುಚ್ಚಿದ ಅಗುಳಿಯನ್ನು ಅವು ಸಡಿಲಿಸುತ್ತವೆಯೇ?

ಬಟ್ಟಲಿನೊಳಗಿನ ಮಟ್ಟಿಗೆ ಉತ್ತರ, ಹೌದು. ಅರಸಿನದ ಕರ್ಕ್ಯುಮಿನ್ ಕ್ಯಾಕಿ ಎಂಬ ಮಾನವ ಮೂತ್ರಪಿಂಡ ಕ್ಯಾನ್ಸರ್ ಕೋಶಗಳಲ್ಲಿ ಆಮ್ಲಜನಕದ ಉಗ್ರರೂಪದ ಅಣುಗಳನ್ನು ಹೆಚ್ಚಿಸಿ, ಅದರ ಮೂಲಕ ಡಿಆರ್5 ಗ್ರಾಹಕಗಳ ಸಂಖ್ಯೆ ಏರಿಸುತ್ತದೆ ಎಂದು 2005ರಲ್ಲಿ ವರದಿಯಾಯಿತು. ಮೊದಲು ಟ್ರೇಲ್‌ಗೆ ಜಗ್ಗದೆ ಇದ್ದ ಕೋಶ ಆಗ ಅದಕ್ಕೆ ಬಲಿಯಾಗುತ್ತದೆ, ಹೊರಬಾಗಿಲಿನ ಅಗುಳಿ ಸರಿಯುತ್ತದೆ ಎಂದರ್ಥ. ಅಶ್ವಗಂಧದ ವಿಥಾಫೆರಿನ್-ಎ ಅದೇ ಕೋಶಗಳಲ್ಲಿ ಬೇರೊಂದು ದಾರಿ ಹಿಡಿಯಿತು. ಕೋಶದೊಳಗೆ ಪ್ರೋಟೀನುಗಳನ್ನು ಮಡಚಿ ಸರಿಮಾಡುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಕಾರ್ಯಾಗಾರವಿದೆ. ಮಡಚದ ಪ್ರೋಟೀನು ಅಲ್ಲಿ ರಾಶಿಬಿದ್ದರೆ ಕೋಶ ಮೊದಲು ಕೆಲಸ ನಿಧಾನಿಸಿ ನೋಡುತ್ತದೆ, ಸುಧಾರಿಸದಿದ್ದರೆ ಸಾವನ್ನು ಆರಿಸಿಕೊಳ್ಳುತ್ತದೆ. ವಿಥಾಫೆರಿನ್ ಆ ಒತ್ತಡವನ್ನು ಹುಟ್ಟಿಸಿದ್ದನ್ನು 2011ರಲ್ಲಿ ತೋರಿಸಲಾಯಿತು. ನೀರುಳ್ಳಿಯ ಕ್ವೆರ್ಸೆಟಿನ್, ಚಹಾದ ಇಜಿಸಿಜಿ, ಮರದರಸಿನದ ಬರ್ಬೆರಿನ್ ಇವುಗಳ ಮೇಲೂ ಇಂತಹ ಕೆಲಸ ನಡೆದಿದೆ. ಇವೆಲ್ಲಕ್ಕೂ ಸಾಮಾನ್ಯವಾದ ತರ್ಕ ಒಂದುಂಟು: ಕ್ಯಾನ್ಸರ್ ಕೋಶ ವೇಗವಾಗಿ ಬೆಳೆಯುತ್ತ ಸದಾ ಅಂಚಿನಲ್ಲಿ ನಿಂತಿರುತ್ತದೆ, ಆರೋಗ್ಯವಂತ ಕೋಶ ತಾಳಿಕೊಳ್ಳುವಷ್ಟೇ ಹೆಚ್ಚುವರಿ ಒತ್ತಡ ಅದನ್ನು ಅಂಚಿನಾಚೆಗೆ ತಳ್ಳಬಹುದು.

ಅಪೊಪ್ಟೋಸಿಸ್ ಒಂದೇ ದಾರಿಯಲ್ಲ ಎಂಬುದು ಇತ್ತೀಚಿನ ದೊಡ್ಡ ತಿಳಿವಳಿಕೆ. 2012ರಲ್ಲಿ ಫೆರೊಪ್ಟೋಸಿಸ್ ಎಂದು ಹೆಸರು ಪಡೆದ ಇನ್ನೊಂದು ಬಗೆಯ ಸಾವಿನಲ್ಲಿ ಕ್ಯಾಸ್ಪೇಸ್‌ಗಳಿಗೆ ಪಾತ್ರವಿಲ್ಲ. ಕೋಶಪೊರೆಯ ಕೊಬ್ಬು ಕಬ್ಬಿಣದ ಸನ್ನಿಧಿಯಲ್ಲಿ ಆಮ್ಲಜನಕದೊಂದಿಗೆ ಸೇರಿ ಹಾಳಾಗುತ್ತದೆ. ಹಳೆಯ ತೆಂಗಿನೆಣ್ಣೆ ಕಮಟು ಹಿಡಿಯುವ ರಸಾಯನಕ್ರಿಯೆಗೆ ಇದು ಹತ್ತಿರ. ಜಿಪಿಎಕ್ಸ್4 ಎಂಬ ಕಿಣ್ವ ಈ ಕಮಟನ್ನು ಕ್ಷಣಕ್ಷಣವೂ ತೊಳೆಯುತ್ತಿರುವುದರಿಂದ ಕೋಶ ಬದುಕಿರುತ್ತದೆ. ಮೊದಲೇ ಹೇಳಿದಂತೆ ಕ್ಲಿಯರ್ ಸೆಲ್ ಕ್ಯಾನ್ಸರಿನಲ್ಲಿ ಕೊಬ್ಬು ತುಂಬಿದೆ; ಎಚ್‌ಐಎಫ್ ಆಜ್ಞೆಯಿಂದಾಗಿ ಅದರಲ್ಲಿ ಸುಲಭವಾಗಿ ಕಮಟು ಹಿಡಿಯುವ ಬಗೆಯ ಕೊಬ್ಬೂ ಕೂಡಿಕೊಳ್ಳುತ್ತದೆ ಎಂದು 2019ರಲ್ಲಿ ಕಂಡುಬಂತು. ಆದ್ದರಿಂದ ಜಿಪಿಎಕ್ಸ್4 ಅನ್ನು ತಡೆದರೆ ಈ ಕೋಶಗಳು ಬೇಗ ಸಾಯುತ್ತವೆ. ಕ್ಯಾನ್ಸರಿಗೆ ಬಲ ಕೊಟ್ಟ ಆ ಒಂದು ಬದಲಾವಣೆಯೇ ಅದರ ದೌರ್ಬಲ್ಯವೂ ಆಗಿದೆ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಭರವಸೆಯದಾಗಿ ಕಾಣುವುದು ಈ ಸುಳಿವು. ಕಬ್ಬಿಣದ ಜೊತೆ ಸೇರಿ ಕೆಲಸ ಮಾಡುವ, ಚೀನಾದ ಮಲೇರಿಯಾ ಗಿಡದಿಂದ ಬಂದ ಆರ್ಟಿಮಿಸಿನಿನ್ ವರ್ಗದ ಅಣುಗಳನ್ನು ಈ ದಿಕ್ಕಿನಲ್ಲಿ ಪರೀಕ್ಷಿಸುತ್ತಿರುವುದಕ್ಕೆ ಕಾರಣವೂ ಇದೇ.

ತಾಂಜಾನಿಯಾದ ನೆಲ್ಲಿ

ಮಾವನ ಮನೆಗೆ ಬಂದ ಸಲಹೆಗಳಲ್ಲಿ ಕಿರುನೆಲ್ಲಿಯ ಹೆಸರು ಕೇಳಿದಾಗ ನನಗೆ ಥಟ್ಟನೆ ನೆನಪಾದದ್ದು ಆಫ್ರಿಕಾದ ಇನ್ನೊಂದು ಗಿಡ. ಮಲಯಾಳದಲ್ಲಿ ಕೀಳಾರ್‌ನೆಲ್ಲಿ ಎನ್ನುವ, ನಮ್ಮಲ್ಲಿ ಕಾಮಾಲೆಗೆ ಅರೆದು ಕೊಡುವ ಕಿರುನೆಲ್ಲಿಯೂ ಬೆಟ್ಟದ ನೆಲ್ಲಿಯೂ ಫಿಲ್ಲಾಂಥಸ್ ಎಂಬ ಒಂದೇ ಕುಲದವು. ಅದೇ ಕುಲದ ಫಿಲ್ಲಾಂಥಸ್ ಎಂಗ್ಲೆರಿ ಪೂರ್ವ ಆಫ್ರಿಕಾದಲ್ಲಿ ಬೆಳೆಯುತ್ತದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಹೊಸ ಅಣುಗಳನ್ನು ಅರವತ್ತು ಬಗೆಯ ಮಾನವ ಕ್ಯಾನ್ಸರ್ ಕೋಶಗಳ ಮೇಲೆ ಒಟ್ಟಿಗೆ ಪರೀಕ್ಷಿಸುವ ಪದ್ಧತಿ ಇಟ್ಟುಕೊಂಡಿದೆ. ಅವುಗಳಲ್ಲಿ ಎಂಟು ಮೂತ್ರಪಿಂಡದವು. ತಾಂಜಾನಿಯಾದಿಂದ ತಂದ ಈ ಗಿಡದ ತೊಗಟೆಯ ಸಾರ ಉಳಿದ ಕೋಶಗಳನ್ನು ಹೆಚ್ಚಾಗಿ ಮುಟ್ಟದೆ ಮೂತ್ರಪಿಂಡದ ಹಲವು ಬಗೆಯ ಕೋಶಗಳನ್ನಷ್ಟೇ ಕೊಂದಿತು. ಸಾರದಿಂದ ಬೇರ್ಪಡಿಸಿದ ಅಣುವಿಗೆ ಎಂಗ್ಲೆರಿನ್-ಎ ಎಂದು ಹೆಸರಿಟ್ಟು 2009ರಲ್ಲಿ ಪ್ರಕಟಿಸಿದರು. ಜರ್ಮನಿಯ ರಸಾಯನಶಾಸ್ತ್ರಜ್ಞರು ಅದೇ ವರ್ಷ ಅದನ್ನು ಪ್ರಯೋಗಾಲಯದಲ್ಲಿ ಕಟ್ಟಿ ತೋರಿಸಿದರು.

ಸಂಶೋಧಕರು ರೋಮಾಂಚನಗೊಂಡದ್ದಕ್ಕೆ ಕಾರಣವಿತ್ತು. ಕರ್ಕ್ಯುಮಿನ್‌ನಂತಹ ಅಣುಗಳು ಕೆಲಸ ಮಾಡಲು ಬೇಕಾಗುವ ಸಾಂದ್ರತೆಯ ಸಾವಿರದ ಒಂದು ಪಾಲಿನ ಆಸುಪಾಸಿನಲ್ಲಿಯೇ ಎಂಗ್ಲೆರಿನ್ ಕೊಲ್ಲುತ್ತಿತ್ತು, ಅದೂ ಆರಿಸಿಕೊಂಡು. ಆದರೆ ಹೇಗೆ ಕೊಲ್ಲುತ್ತದೆ ಎಂಬುದರಲ್ಲಿ ಪ್ರಯೋಗಾಲಯಗಳು ಒಮ್ಮತಕ್ಕೆ ಬರಲಿಲ್ಲ: ಕೆಲವರು ಅಪೊಪ್ಟೋಸಿಸ್ ಎಂದರು, ಕೆಲವರು ನೆಕ್ರೋಸಿಸ್ ಎಂದರು. 2015ರಲ್ಲಿ ಅದರ ಗುರಿ ತಿಳಿಯಿತು. ಕೋಶಪೊರೆಯಲ್ಲಿರುವ ಟಿಆರ್‌ಪಿಸಿ4 ಮತ್ತು ಟಿಆರ್‌ಪಿಸಿ5 ಎಂಬ ಕಾಲುವೆಗಳನ್ನು ಎಂಗ್ಲೆರಿನ್ ತೆರೆದುಬಿಡುತ್ತದೆ. ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಕಟ್ಟೆಯೊಡೆದ ನೀರಿನ ಹಾಗೆ ಒಳನುಗ್ಗಿ ಕೋಶ ಸಾಯುತ್ತದೆ. ಕೆಲವು ಮೂತ್ರಪಿಂಡ ಕ್ಯಾನ್ಸರ್ ಕೋಶಗಳಲ್ಲಿ ಈ ಕಾಲುವೆಗಳು ಹೆಚ್ಚಾಗಿರುವುದೇ ಆ ಆಯ್ಕೆಯ ರಹಸ್ಯ.

ಆದರೆ ಅದೇ ಕಾಲುವೆಗಳು ಮಿದುಳಿನಲ್ಲಿಯೂ ರಕ್ತನಾಳಗಳಲ್ಲಿಯೂ ಇವೆ. ಇಲಿಗಳ ರಕ್ತನಾಳಕ್ಕೆ ಎಂಗ್ಲೆರಿನ್ ಕೊಟ್ಟಾಗ ಅಲ್ಪ ಪ್ರಮಾಣದಲ್ಲಿಯೇ ಅವು ಸತ್ತವು, ಬಾಯಿಯ ಮೂಲಕ ಕೊಟ್ಟಾಗ ಅಣು ಜೀರ್ಣಾಂಗದಲ್ಲಿಯೇ ಒಡೆದು ರಕ್ತಕ್ಕೆ ಸೇರಲಿಲ್ಲ. ಒಂದು ದಾರಿಯಲ್ಲಿ ವಿಷ, ಇನ್ನೊಂದರಲ್ಲಿ ನಿಷ್ಫಲ. ಈ ಕಥೆಯನ್ನು ಮಾವನಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಸಸ್ಯದ ಸತ್ವ ಮೂತ್ರಪಿಂಡದ ಕ್ಯಾನ್ಸರನ್ನೇ ಹುಡುಕಿ ಕೊಂದ ಅಪರೂಪದ ಉದಾಹರಣೆ ಇದು. ಇದೂ ಮನುಷ್ಯನ ಔಷಧವಾಗಲಿಲ್ಲ. ಹಾಗೆಯೇ, ಕುಲ ಒಂದೇ ಆದ ಮಾತ್ರಕ್ಕೆ ನಮ್ಮ ಕಿರುನೆಲ್ಲಿಯಲ್ಲಿ ಆ ಸತ್ವವಿದೆ ಎಂದು ಭಾವಿಸಬಾರದು. ಕಿರುನೆಲ್ಲಿಯಲ್ಲಿ ಪ್ರಧಾನವಾದವು ಫಿಲ್ಲಾಂಥಿನ್, ಹೈಪೋಫಿಲ್ಲಾಂಥಿನ್ ಎಂಬ, ಲಿಗ್ನಾನು ವರ್ಗದ ಅಣುಗಳು. ಅವುಗಳ ರಚನೆಗೂ ಎಂಗ್ಲೆರಿನ್ನಿನ ರಚನೆಗೂ ಹೋಲಿಕೆಯಿಲ್ಲ.

ಬಟ್ಟಲಿನಿಂದ ರಕ್ತಕ್ಕೆ

ನಮ್ಮ ತೋಟದವರಿಗೆ ಅಡಕೆಯ ಗೊನೆ ಕೊಳೆಸುವ ಮಹಾಳಿ ರೋಗ ಗೊತ್ತು. ಮಹಾಳಿಯ ರೋಗಾಣುವನ್ನು ಬಾಟಲಿಯಲ್ಲಿ ಕೊಲ್ಲುವುದು ದೊಡ್ಡ ವಿಷಯವಲ್ಲ, ಹತ್ತಾರು ದ್ರಾವಣಗಳು ಅದನ್ನು ಮಾಡಬಲ್ಲವು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಬೋರ್ಡೋ ದ್ರಾವಣವೇ ತಲೆಮಾರುಗಳಿಂದ ಉಳಿದುಬಂದಿರುವುದು ಅದು ಮರದ ತುದಿಯ ಗೊನೆಗೆ ತಲುಪಿ, ಆಷಾಢದ ಮಳೆಯಲ್ಲಿಯೂ ಅಂಟಿಕೊಂಡು, ಅಡಕೆಯನ್ನು ಸುಡದೆ ರೋಗಾಣುವನ್ನು ತಡೆಯುವುದರಿಂದ. ಬುಡಕ್ಕೆ ಎಷ್ಟೇ ಸುರಿದರೂ ಗೊನೆಗೆ ಪ್ರಯೋಜನವಿಲ್ಲ. ಔಷಧಶಾಸ್ತ್ರದ ಜೀವಾಳವೂ ಇದೇ: ಗುರಿಯ ಜಾಗದಲ್ಲಿ ಸಾಕಷ್ಟು ಪ್ರಮಾಣ, ಸಾಕಷ್ಟು ಹೊತ್ತು.

ಕರ್ಕ್ಯುಮಿನ್ನಿನ ಲೆಕ್ಕವನ್ನೇ ಹಾಕಿ ನೋಡೋಣ. ಕೋಶಗಳನ್ನು ಕೊಲ್ಲಲು ಬಟ್ಟಲಿನಲ್ಲಿ ಸಾಮಾನ್ಯವಾಗಿ ಬಳಸುವುದು 10ರಿಂದ 50 ಮೈಕ್ರೊಮೋಲಾರ್, ಅಂದರೆ ಲೀಟರಿಗೆ ಸುಮಾರು 4ರಿಂದ 18 ಮಿಲಿಗ್ರಾಂ. ತೈವಾನಿನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಿಗಳು ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ನುಂಗಿದಾಗ ರಕ್ತದಲ್ಲಿ ಸಿಕ್ಕ ಗರಿಷ್ಠ ಮಟ್ಟ ಸರಾಸರಿ 1.8 ಮೈಕ್ರೊಮೋಲಾರಿನಷ್ಟು. ಅರಸಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇಕಡಾ 3. ಹಾಗಾದರೆ 8 ಗ್ರಾಂ ಸಿಗಲು ದಿನಕ್ಕೆ ಕಾಲು ಕಿಲೋಗಿಂತ ಹೆಚ್ಚು ಅರಸಿನ ತಿನ್ನಬೇಕು, ತಿಂದರೂ ಮುಟ್ಟುವುದು ಬಟ್ಟಲಿನ ಮಟ್ಟದ ಒಂದು ಸಣ್ಣ ಭಾಗವನ್ನು. ಕರುಳಿನ ಗೋಡೆ ಮತ್ತು ಯಕೃತ್ತು ಕರ್ಕ್ಯುಮಿನ್ನಿಗೆ ಬೇರೆ ಅಣುಗಳನ್ನು ಅಂಟಿಸಿ ಅದನ್ನು ಬೇಗನೆ ನಿಷ್ಕ್ರಿಯಗೊಳಿಸುವುದರಿಂದ ಹೀಗಾಗುತ್ತದೆ.

ಒಳ್ಳೆಮೆಣಸು ಸೇರಿಸುವ ಸಲಹೆಯ ಬೇರು ಬೆಂಗಳೂರಿನಲ್ಲಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ, 2 ಗ್ರಾಂ ಕರ್ಕ್ಯುಮಿನ್ನಿನ ಜೊತೆ ಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟರೆ ರಕ್ತಕ್ಕೆ ಸೇರುವ ಪ್ರಮಾಣ ಇಪ್ಪತ್ತು ಪಟ್ಟಾಗುತ್ತದೆ ಎಂದು ಪ್ರಕಟಿಸಿದರು. ಆ ಸಂಖ್ಯೆ ಇಂದಿಗೂ ಡಬ್ಬಿಗಳ ಮೇಲೆ ಅಚ್ಚಾಗುತ್ತದೆ. ಹೇಳದೆ ಬಿಡುವ ಮಾತೆಂದರೆ, ಮೊದಲಿನ ಮಟ್ಟ ತೀರಾ ಕಡಿಮೆಯಿದ್ದುದರಿಂದ ಇಪ್ಪತ್ತು ಪಟ್ಟಾದ ಮೇಲೂ ಅದು ಬಟ್ಟಲಿನ ಮಟ್ಟವನ್ನು ಮುಟ್ಟಲಿಲ್ಲ. ಇನ್ನೂ ಮುಖ್ಯವಾದದ್ದು, ಪೈಪರಿನ್ ಕೆಲಸ ಮಾಡುವುದು ಯಕೃತ್ತು ಮತ್ತು ಕರುಳಿನ ನಿರ್ವಿಷಗೊಳಿಸುವ ಕಿಣ್ವಗಳನ್ನು ತಡೆದು; ಆ ಕಿಣ್ವಗಳಲ್ಲಿ ಸಿವೈಪಿ3ಎ4 ಕೂಡ ಒಂದು. ಸುನಿಟಿನಿಬ್, ಪಜೋಪನಿಬ್, ಆಕ್ಸಿಟಿನಿಬ್ ಎಂಬ ಮೂತ್ರಪಿಂಡ ಕ್ಯಾನ್ಸರಿನ ಮಾತ್ರೆಗಳು ದೇಹದಿಂದ ಹೊರಹೋಗುವುದು ಇದೇ ಕಿಣ್ವದ ಮೂಲಕ. ಸಾಂದ್ರಗೊಳಿಸಿದ ಪೈಪರಿನ್ ಗುಳಿಗೆಯನ್ನು ಅವುಗಳ ಜೊತೆ ನುಂಗಿದರೆ ಔಷಧದ ಮಟ್ಟ ವೈದ್ಯರು ಎಣಿಸಿದ್ದಕ್ಕಿಂತ ಏರುವ ಅಪಾಯವಿದೆ. ಚಕ್ಕೋತದ ತಳಿಯಿಂದ ಹುಟ್ಟಿದ ಗ್ರೇಪ್‌ಫ್ರೂಟ್ ಹಣ್ಣನ್ನು ಈ ಮಾತ್ರೆಗಳ ಜೊತೆ ಬೇಡವೆನ್ನುವುದಕ್ಕೂ ಇದೇ ಕಾರಣ. ಸಾಂದ್ರ ಅರಸಿನ ಗುಳಿಗೆಗಳಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳೂ ವರದಿಯಾಗಿವೆ. ಸಾರಿಗೆ ಹಾಕುವ ಚಿಟಿಕೆ ಅರಸಿನದ ಮಾತು ನಾನಿಲ್ಲಿ ಆಡುತ್ತಿಲ್ಲ.

ಬಟ್ಟಲಿನ ಫಲಿತಾಂಶವೇ ಕೆಲವೊಮ್ಮೆ ಕಣ್ಣು ಕಟ್ಟುತ್ತದೆ ಎಂಬುದನ್ನೂ ಹೇಳಬೇಕು. ಕೋಶಗಳು ಬದುಕಿವೆಯೇ ಎಂದು ನೋಡಲು ಹಳದಿ ಬಣ್ಣದ ಎಂಟಿಟಿ ದ್ರವ ಹಾಕುತ್ತಾರೆ. ಜೀವಂತ ಕೋಶ ಅದನ್ನು ನೇರಳೆಯಾಗಿಸುತ್ತದೆ. ಆದರೆ ಸಸ್ಯದ ಪಾಲಿಫಿನಾಲುಗಳು ಕೋಶದ ನೆರವಿಲ್ಲದೆಯೂ ಆ ಬಣ್ಣ ಬದಲಿಸಬಲ್ಲವು. ಚಹಾದ ಇಜಿಸಿಜಿಯಂತಹವು ಬಟ್ಟಲಿನ ದ್ರವದಲ್ಲಿಯೇ ಆಮ್ಲಜನಕದೊಂದಿಗೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡುತ್ತವೆ, ಆಗ ಕೋಶವನ್ನು ಕೊಂದದ್ದು ಗಿಡದ ಸತ್ವವೋ ಪೆರಾಕ್ಸೈಡೋ ಎಂಬ ಪ್ರಶ್ನೆ ಏಳುತ್ತದೆ. ಕರ್ಕ್ಯುಮಿನ್ ಸ್ವತಃ ಹೊಳೆಯುವ, ಅಸ್ಥಿರವಾದ, ಸಿಕ್ಕಿದ ಪ್ರೋಟೀನಿಗೆಲ್ಲ ಅಂಟುವ ಅಣು. ಆದ್ದರಿಂದ ಅನೇಕ ಪರೀಕ್ಷೆಗಳಲ್ಲಿ ಅದು ಇಲ್ಲದ ಗುಣವನ್ನು ಇದ್ದಂತೆ ತೋರಿಸುತ್ತದೆ ಎಂದು 2017ರಲ್ಲಿ ಔಷಧರಸಾಯನಶಾಸ್ತ್ರಜ್ಞರು ದೀರ್ಘವಾಗಿ ಬರೆದು ಎಚ್ಚರಿಸಿದರು. ಒಳ್ಳೆಯ ಸಂಶೋಧಕರು ಹಾಗಾಗಿ ಬಣ್ಣವೊಂದನ್ನೇ ನಂಬುವುದಿಲ್ಲ. ಕ್ಯಾಸ್ಪೇಸ್-3 ತುಂಡಾಗಿದೆಯೇ ಎಂದು ನೋಡುತ್ತಾರೆ, ಕ್ಯಾಸ್ಪೇಸನ್ನು ತಡೆದರೆ ಕೋಶ ಉಳಿಯುತ್ತದೆಯೇ ಎಂದು ಪರೀಕ್ಷಿಸುತ್ತಾರೆ, ಎಚ್‌ಕೆ-2ರಂತಹ ಕ್ಯಾನ್ಸರಲ್ಲದ ಮೂತ್ರಪಿಂಡ ಕೋಶವನ್ನು ಪಕ್ಕದಲ್ಲಿ ಇಟ್ಟು ಹೋಲಿಸುತ್ತಾರೆ. ಈ ಹೋಲಿಕೆಯಿಲ್ಲದ ವರದಿ ನನ್ನ ಪಾಲಿಗೆ ಅರ್ಧ ವರದಿ.

ಮೂತ್ರಪಿಂಡವನ್ನೇ ಕೆಡಿಸುವ ಸಸ್ಯಗಳು

ಮಾವ ಎರಡನೆಯ ದಿನ, "ಗುಣವಾಗದಿದ್ದರೆ ಬೇಡ, ಗಿಡಮೂಲಿಕೆಯಿಂದ ತೊಂದರೆ ಏನು?" ಎಂದು ಕೇಳಿದರು. ಈ ಮಾತನ್ನು ನಮ್ಮ ಊರಿನಲ್ಲಿ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ, ಕೇಳಿದಾಗಲೆಲ್ಲ ನನಗೆ ಕಳವಳವಾಗುತ್ತದೆ.

ಹಾವು ಕಚ್ಚಿದ್ದಕ್ಕೆ ನಾಟಿಮದ್ದಾಗಿ ಬಳಸುತ್ತಿದ್ದ ಈಶ್ವರಿಬೇರಿನ ಬಳ್ಳಿ ಅರಿಸ್ಟೋಲೋಕಿಯಾ ಕುಲದ್ದು. ಆ ಕುಲದ ಸಸ್ಯಗಳಲ್ಲಿರುವ ಅರಿಸ್ಟೋಲೋಕಿಕ್ ಆಮ್ಲವನ್ನು ಮೂತ್ರಪಿಂಡದ ನಾಳದ ಕೋಶಗಳು ತಮ್ಮ ಪಂಪುಗಳಿಂದಲೇ ಒಳಗೆಳೆದುಕೊಳ್ಳುತ್ತವೆ. ಒಳಗೆ ಅದು ಡಿಎನ್‌ಎಗೆ ಅಂಟಿ ವಿಶಿಷ್ಟವಾದ ಗುರುತುಳ್ಳ ರೂಪಾಂತರಗಳನ್ನು ಉಂಟುಮಾಡುತ್ತದೆ. 1990ರ ದಶಕದ ಮೊದಲಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಯಲ್ಲಿ ಈ ಕುಲದ ಚೀನೀ ಮೂಲಿಕೆ ಸೇರಿಹೋಗಿ ಸುಮಾರು ನೂರು ಮಹಿಳೆಯರ ಮೂತ್ರಪಿಂಡ ಕೆಟ್ಟಿತು. ಅವರಲ್ಲಿ ಅನೇಕರಿಗೆ ಮುಂದೆ ಮೂತ್ರಮಾರ್ಗದ ಕ್ಯಾನ್ಸರ್ ಬಂತು. ರೊಮೇನಿಯಾದ ಕ್ಲಿಯರ್ ಸೆಲ್ ಮೂತ್ರಪಿಂಡ ಕ್ಯಾನ್ಸರುಗಳ ಡಿಎನ್‌ಎಯಲ್ಲಿ ಅದೇ ಗುರುತು ಸಿಕ್ಕಿದ್ದು 2014ರಲ್ಲಿ ಪ್ರಕಟವಾಯಿತು. ಒಂದು ಸಸ್ಯದ ಅಣು ಈ ಕ್ಯಾನ್ಸರನ್ನು ಕೊಲ್ಲಬಹುದಾದರೆ ಇನ್ನೊಂದು ಸಸ್ಯದ ಅಣು ಅದನ್ನೇ ಹುಟ್ಟಿಸುತ್ತದೆ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಹಿತ್ತಿಲಿನ ಬಿಂಬುಳಿ ಉಪ್ಪಿನಕಾಯಿಗೆ ಸೊಗಸು. ಕೊಲೆಸ್ಟರಾಲ್ ಇಳಿಯುತ್ತದೆಂದು ಅದರ ರಸವನ್ನು ಗಟ್ಟಿಯಾಗಿ ಕುಡಿದ ಹತ್ತು ಮಂದಿಗೆ ಹಠಾತ್ತಾಗಿ ಮೂತ್ರಪಿಂಡ ವೈಫಲ್ಯವಾದದ್ದನ್ನು ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ. ಅದರ ಆಕ್ಸಲಿಕ್ ಆಮ್ಲ ನಾಳಗಳಲ್ಲಿ ಹರಳುಗಟ್ಟಿತ್ತು. ಅದರ ನೆಂಟ ದಾರೆಹುಳಿ ಮೂತ್ರಪಿಂಡ ದುರ್ಬಲವಾದವರಲ್ಲಿ ಮಿದುಳಿಗೂ ತೊಂದರೆ ಮಾಡುತ್ತದೆ. ಗಡ್ಡೆ ತೆಗೆದ ಮೇಲೆ ಒಂದೂವರೆ ಅಥವಾ ಒಂದೇ ಮೂತ್ರಪಿಂಡದಲ್ಲಿ ಬಾಳಬೇಕಾದವನಿಗೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಸಸ್ಯಗಳಿಂದ ಔಷಧ ಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್, ಪೆಸಿಫಿಕ್ ಯೂ ಮರದ ತೊಗಟೆಯಿಂದ ಟ್ಯಾಕ್ಸಾಲ್ ಬಂದಿವೆ. ಮೂತ್ರಪಿಂಡದ ಕ್ಯಾನ್ಸರಿಗೆ ಬಳಸುವ ಎವೆರೊಲಿಮಸ್ ಕೂಡ ಪ್ರಕೃತಿಯದೇ ಕೊಡುಗೆ, ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕ ರಪಮೈಸಿನ್ನನ್ನು ತಿದ್ದಿ ಮಾಡಿದ್ದು. ಪ್ರತಿಯೊಂದರಲ್ಲಿಯೂ ಅಣುವನ್ನು ಬೇರ್ಪಡಿಸಿ, ತೂಗಿ, ಪ್ರಾಣಿಗಳಲ್ಲಿ ನೋಡಿ, ರೋಗಿಗಳ ಗುಂಪುಗಳನ್ನು ಹೋಲಿಸಿ ವರ್ಷಗಟ್ಟಲೆ ಕೆಲಸ ನಡೆದಿದೆ. ಮೂತ್ರಪಿಂಡದ ಕ್ಯಾನ್ಸರಿನ ಇಂದಿನ ನಿಯತ ಚಿಕಿತ್ಸೆಯಲ್ಲಿ ಆ ಎಲ್ಲ ಮೆಟ್ಟಿಲು ಹತ್ತಿ ಬಂದ ಸಸ್ಯಮೂಲದ ಔಷಧ ಇನ್ನೂ ಇಲ್ಲ.

ಆಸ್ಪತ್ರೆಗೆ ಹೊರಡುವ ಮುನ್ನಾದಿನ ಮಾವನೂ ನಾನೂ ಕುಳಿತು ಒಂದು ಚೀಟಿ ಬರೆದೆವು. ರಕ್ತದೊತ್ತಡದ ಮಾತ್ರೆ, ನೋವಿಗೆ ತಾವಾಗಿ ತೆಗೆದುಕೊಳ್ಳುತ್ತಿದ್ದ ಮಾತ್ರೆ, ಬೆಳಗಿನ ಕಿರುನೆಲ್ಲಿ ರಸ, ಮೆಣಸಿನ ಸತ್ವ ಸೇರಿಸಿದ ಅರಸಿನದ ಗುಳಿಗೆ, ಯಾರೋ ತಂದುಕೊಟ್ಟ, ಹೆಸರೇ ಬರೆಯದ ಪೊಟ್ಟಣದ ಬೇರಿನ ಪುಡಿ. ವೈದ್ಯರು ಚೀಟಿಯನ್ನು ತಾಳ್ಮೆಯಿಂದ ಓದಿ, ನೋವಿನ ಮಾತ್ರೆಯನ್ನೂ ಅರಸಿನದ ಗುಳಿಗೆಯನ್ನೂ ಬೇರಿನ ಪುಡಿಯನ್ನೂ ಅಂದೇ ನಿಲ್ಲಿಸಲು ಹೇಳಿದರು, ಕಿರುನೆಲ್ಲಿಯ ವಿಷಯವನ್ನು ಶಸ್ತ್ರಚಿಕಿತ್ಸೆಯ ಗಾಯ ಮಾಗಿ, ಮೂತ್ರಪಿಂಡದ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್ ಮಟ್ಟವನ್ನು ರಕ್ತದಲ್ಲಿ ನೋಡಿದ ಮೇಲೆ ಮಾತಾಡೋಣ ಎಂದರು. ಗಡ್ಡೆಯಿದ್ದ ಭಾಗವನ್ನಷ್ಟೇ ತೆಗೆದು ಉಳಿದ ಮೂತ್ರಪಿಂಡವನ್ನು ಉಳಿಸಲು ಅವರಿಗೆ ಸಾಧ್ಯವಾಯಿತು. ಪರೀಕ್ಷೆಯ ವರದಿಯಲ್ಲಿ ಕ್ಲಿಯರ್ ಸೆಲ್ ಎಂದಿತ್ತು. ಅದನ್ನು ಓದಿದ ಮಾವ ನನಗೆ ಫೋನ್ ಮಾಡಿ, "ಆ ಕೊಬ್ಬು ತುಂಬಿದ್ದೇ ಅಲ್ಲವಾ, ಮಾಷ್ಟ್ರೇ?" ಎಂದು ಕೇಳಿದರು.